ಐತಾಳರು ಮಾಡಿದ ಥಾಯ್ ಸಲಾಡ್

ಮೂವತ್ತು ವರ್ಷ ಊಟದಲ್ಲಿ ತಪ್ಪು ಹುಡುಕಿದ ಗಂಡ ಒಂದು ದಿನ ಹುಡುಕುವುದನ್ನೇ ಬಿಟ್ಟುಬಿಟ್ಟರೆ ಹೆಂಡತಿಯಾದವಳು ಏನು ತಿಳಿಯಬೇಕು? ಪ್ರೇಮಾ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೈಮುಗಿದಳು. ಅರವತ್ತರ ಹತ್ತಿರ ಬಂದ ಮೇಲಾದರೂ ಮನುಷ್ಯ ತಣ್ಣಗಾದರಲ್ಲ ಎಂದು ಅವಳಿಗೆ ಸಮಾಧಾನ.

ಅವಳ ಗಂಡ ಮಾಧವ ಐತಾಳರದ್ದು ವಡೋದರಾದ ಕನ್ನಡಿಗರಲ್ಲೆಲ್ಲ ಹೆಸರಾದ ಮೂಗು. ಬ್ರಹ್ಮಾವರದ ಕಡೆಯಿಂದ ಮೀಸೆ ಬರುವ ಮೊದಲೇ ಹೊರಟು, ಸೂರತ್ತಿನಲ್ಲಿ ಯಾರದೋ ಹೋಟೆಲಿನಲ್ಲಿ ರುಬ್ಬಿ, ಅಹಮದಾಬಾದಿನಲ್ಲಿ ಇನ್ಯಾರದೋ ಹೋಟೆಲಿನಲ್ಲಿ ಬೇಯಿಸಿ, ಕೊನೆಗೆ ಆಲ್ಕಾಪುರಿಯಲ್ಲಿ ಸ್ವಂತದ್ದೊಂದು ‘ಅನ್ನಪ್ರಭಾ’ ಇಟ್ಟವರು. ಕೆಳಗೆ ಹೋಟೆಲು, ಮೇಲೆ ಮನೆ. ಅವರ ಅಡಿಗೆಗೆ ಒಂದು ಕಟ್ಟುನಿಟ್ಟು ಇತ್ತು: ಬೇಯುವಾಗ ರುಚಿ ನೋಡುವಂತಿಲ್ಲ. ದೇವರಿಗೆ ತೋರಿಸುವ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಊರಿನ ಮದುವೆಮನೆಗಳಲ್ಲಿ ಹಳೆಯ ಅಡಿಗೆಭಟ್ಟರು ಹಾಗೆಯೇ ಮಾಡುತ್ತಿದ್ದರು. ಐತಾಳರು ಅದನ್ನು ಹೋಟೆಲಿಗೂ ತಂದರು. ಕೊತ್ತಂಬರಿ ಹುರಿದದ್ದು ಸಾಕೋ ಬೇಕೋ, ಬೇಳೆಗೆ ಇಂಗು ಹಿಡಿಯಿತೋ ಇಲ್ಲವೋ, ಎಲ್ಲವನ್ನೂ ಹೇಳುವುದು ಮೂಗು. ಉಪ್ಪು ಹಾಕುವುದು ಕೈ. “ನಾಲಿಗೆ ಉಣ್ಣುವವನದ್ದು, ಮೂಗು ಅಡಿಗೆಯವನದ್ದು” ಎಂದು ಹೊಸಬರಿಗೆಲ್ಲ ಉಪದೇಶ ಮಾಡುವರು.

ಆ ಮೂಗು ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಹಾಲು ಚೂರು ತಳ ಹಿಡಿದಿದ್ದರೂ ಸಾಕು, ಕಾಫಿ ಲೋಟ ತುಟಿಯವರೆಗೂ ಹೋಗುತ್ತಿರಲಿಲ್ಲ. “ಸೀದಿದೆ. ತಕ್ಕೊಂಡು ಹೋಗು” ಎಂದು ಬೆಳಗಾದರೆ ಅದೇ ಸುಪ್ರಭಾತ. ಪ್ರೇಮಾ ತುಟಿ ಕಚ್ಚಿಕೊಂಡು ಲೋಟ ಒಳಗೊಯ್ದು ಬೇರೆ ಹಾಲು ಕಾಯಿಸಬೇಕು. ಇಂಥ ಗಂಡನನ್ನು ಕಟ್ಟಿಕೊಂಡು ತಾನು ಅರ್ಧ ಆಯುಷ್ಯ ಹಾಲಿನ ಪಾತ್ರೆ ಕೆರೆಯುವುದರಲ್ಲೇ ಕಳೆದೆ ಎಂದು ಅವಳು ಎಷ್ಟೋ ಸಲ ಗೋಡೆಗೆ ಹೇಳಿಕೊಂಡದ್ದುಂಟು.

ಆ ವರ್ಷ, ತೊಂಬತ್ತಾರರ ಆಷಾಢದ ಮಳೆಯಲ್ಲಿ, ರೈಲು ಹಳಿಯ ಅಡಿಯಲ್ಲಿ ಹಾದುಹೋಗುವ ರಸ್ತೆಯಲ್ಲಿ ಐತಾಳರ ಸ್ಕೂಟರು ಜಾರಿತು. ಹಿಂದಲೆ ರಸ್ತೆಗೆ ಬಡಿಯಿತು. ನಾಲ್ಕು ಹೊಲಿಗೆ, ಒಂದು ವಾರ ಮಂಚ. ಎದ್ದ ಮೇಲೆ ಎಲ್ಲ ಮೊದಲಿನಂತೆಯೇ ಇದ್ದರು, ಗೊಣಗಾಟ ಮಾತ್ರ ಇಲ್ಲ. ಶ್ರಾವಣ ಕಳೆಯಿತು, ಚೌತಿ ಕಳೆಯಿತು, ಬಡಿಸಿದ್ದನ್ನು ತಲೆಬಗ್ಗಿಸಿ ಉಂಡು ಏಳುತ್ತಿದ್ದರು. ಒಂದು ದಿನ ಹಾಲು ಚೆನ್ನಾಗಿಯೇ ತಳ ಹಿಡಿಯಿತು. ಗ್ಯಾಸಿನವನು ಬಂದನೆಂದು ಬಾಗಿಲಿಗೆ ಹೋಗಿದ್ದ ಪ್ರೇಮಾ ತಿರುಗಿ ಬರುವಷ್ಟರಲ್ಲಿ ಸೊಸೆ ಅದೇ ಹಾಲಿನ ಕಾಫಿ ಕೊಟ್ಟಾಗಿತ್ತು. ಲೋಟ ಕಸಿಯಲು ಓಡಿದವಳು ನೋಡುತ್ತಾಳೆ, ಐತಾಳರು ತಳದವರೆಗೂ ಕುಡಿದು, “ಇನ್ನು ಸ್ವಲ್ಪ ಉಂಟಾ?” ಎಂದರು.

“ನಿನ್ನ ಮಾವ ಸಾಧು ಆಗಿಬಿಟ್ರು, ಚೈತ್ರಾ” ಎಂದು ಪ್ರೇಮಾ ಸೊಸೆಯ ಹತ್ತಿರ ನಕ್ಕಳು. ದೀಪ ಹಚ್ಚಿದ್ದು ಆ ಸಂಜೆ.

ಸೊಸೆ ಚೈತ್ರಾ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧದಾರಿಯಲ್ಲಿ ಹಿಂದಿಗೆ ಹೊರಳುತ್ತದೆ. ಮದುವೆಯಾಗಿ ಎರಡು ವರ್ಷ. ಹೋಟೆಲಿನ ಅಡಿಗೆಮನೆಗೆ ಕಾಲಿಡಲು ಮಾವ ಬಿಟ್ಟಿರಲಿಲ್ಲ. ನವರಾತ್ರಿ ಮುಗಿದ ಮೇಲೆ ಅವಳು ಹತ್ತಿರದ ಗುಜರಾತಿ ಹೆಂಗಸೊಬ್ಬರ ಕುಕಿಂಗ್ ಕ್ಲಾಸಿಗೆ ಸೇರಿದಳು. ಆಲ್ಕಾಪುರಿಯಲ್ಲಿ ಆಗ ಗಲ್ಲಿಗೊಂದು ಕ್ಲಾಸು: ಸೋಮವಾರ ಮೆಕ್ಸಿಕನ್, ಮಂಗಳವಾರ ಇಟಾಲಿಯನ್. ಅಲ್ಲಿಂದ ಅವಳು ತಂದದ್ದು ಥಾಯ್ ಸಲಾಡು.

“ಕಚ್ಚಾ ಪಪ್ಪಾಯಿ ಅತ್ತೆ. ಕೂದಲಿನ ಹಾಗೆ ಉದ್ದ ಕಟ್ ಮಾಡ್ಬೇಕು. ಅದಕ್ಕೆ ಅಲಸಂಡೆ, ಟೊಮೆಟೊ. ಹಸಿಮೆಣಸು, ಬೆಲ್ಲ, ಲಿಂಬೆ, ಸೋಯಾ ಸಾಸ್. ಮೇಲಿಂದ ಹುರಿದ ನೆಲಗಡಲೆ ಪುಡಿ. ಕಲ್ಲಲ್ಲಿ ಹಾಕಿ ಹಲ್ಕಾ ಹಲ್ಕಾ ಕುಟ್ಟೋದು, ಬಸ್.”

“ಅದಕ್ಕೆ ಥಾಯ್ ದೇಶಕ್ಕೆ ಹೋಗ್ಬೇಕಾ?” ಊಟಕ್ಕೆ ಕುಳಿತಿದ್ದ ಐತಾಳರು ಹುಬ್ಬೇರಿಸಿದರು. “ಇಲ್ಲಿಯವರು ಕಡಲೆಹಿಟ್ಟಿನ ಗಾಂಠಿಯಾದೊಟ್ಟಿಗೆ ದಿನಾ ತಿನ್ನುದು ಎಂತ? ಪಪ್ಪಾಯಿಕಾಯಿಯೇ ಅಲ್ವಾ?”

“ಒರಿಜಿನಲ್‌ನಲ್ಲಿ ಮೀನಿನ ನೀರು ಹಾಕ್ತಾರಂತೆ ಮಾವ. ನಮ್ಮ ಮೇಡಂ ಜೈನ್. ಅದಕ್ಕೆ ಸೋಯಾ ಸಾಸ್.”

“ಕೃಷ್ಣ, ಕೃಷ್ಣ!” ಐತಾಳರು ಬಲಗೈ ತಟ್ಟೆಯಿಂದ ಎತ್ತಿಬಿಟ್ಟರು.

ಮಗ ಅನಿಲ ನಗಲಿಲ್ಲ. ಅವನು ಕೆಳಗೆ ಗಲ್ಲಾದಲ್ಲಿ ಕೂರುವವನು, ಗಿರಾಕಿಗಳ ಮುಖ ನೋಡುವವನು. “ಅಪ್ಪಯ್ಯ, ಎದುರಿನ ರೆಸ್ಟೋರೆಂಟಿನಲ್ಲಿ ಸಲಾಡ್ ಬಾರ್ ಅಂತ ಉದ್ದ ಟೇಬಲ್ ಇಟ್ಟಿದ್ದಾರೆ. ಜನ ಅದಕ್ಕೇ ಸಾಲು ನಿಲ್ತಾರೆ. ನಾವು ಇನ್ನೂ ಈರುಳ್ಳಿ, ಸೌತೆಕಾಯಿ ಹೆಚ್ಚಿ ಕೊಡ್ತಾ ಇದ್ದೇವೆ. ಚೈತ್ರನ ಈ ಸಲಾಡು ಇಡುವ.”

“ನಮ್ಮಲ್ಲಿಗೆ ಜನ ಬರುದು ಸಾಂಬಾರಿಗೆ.”

ಅನಿಲ ತಟ್ಟೆಯ ಅನ್ನವನ್ನು ಸುಮ್ಮನೆ ಕಲಸಿದ. ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಉಗುಳಿಯೇಬಿಟ್ಟ. “ಬರ್ತಿದ್ರು. ಈಗ ಸಾಂಬಾರು ಕಹಿ ಅಂತಾರೆ. ನಿನ್ನೆ ಬಿಪಿನ್ ಭಾಯಿ ಅರ್ಧ ಬಿಟ್ಟು ಎದ್ರು. ಹತ್ತು ವರ್ಷದ ಗಿರಾಕಿ. ‘ಕಾಕಾ ಅಬ್ ಬುಡ್ಢೇ ಹೋ ಗಯೇ’ ಅಂದ್ರು, ನೀವು ಮುದುಕರಾದ್ರಂತೆ. ನಂಗೆ ಮುಖ ಎತ್ಲಿಕ್ಕೆ ಆಗ್ಲಿಲ್ಲ.”

“ಯಾವ ಬಿಪಿನ ಹೇಳುದು? ಸಕ್ಕರೆ ಹಾಕಿದ ದಾಲ್ ಕುಡಿಯುವವನಿಗೆ ಸಾಂಬಾರಿನ ಗುಣ ಎಂತ ಗೊತ್ತು?”

“ಒಬ್ರಲ್ಲ ಅಪ್ಪಯ್ಯ. ಹರಿಪ್ರಸಾದ ಇದ್ದಾನಲ್ಲ, ಮಸಾಲೆ ಅವನು ಹುರೀಲಿ. ನೀವು ಮೇಲಿಂದ ನೋಡಿಕೊಂಡ್ರೆ ಸಾಕು.”

ಹರಿಪ್ರಸಾದ ಐತಾಳರ ಕೈಕೆಳಗಿನ ಅಡಿಗೆಯವ. ಆ ಹೆಸರು ಕೇಳಿದ್ದೇ ಐತಾಳರು ಎಡಗೈಯಿಂದ ನೀರಿನ ಚೊಂಬು ಕುಕ್ಕಿದರು. “ನನ್ನ ಕೈ ಹೋಯ್ತು ಅಂತ ಹೇಳ್ತಿಯಾ? ಭಾನುವಾರ ಆ ಥಾಯ್ ಸಲಾಡು ನಾನು ಮಾಡ್ತೇನೆ. ಕಂಡದ್ದಿಲ್ಲ, ತಿಂದದ್ದಿಲ್ಲ. ನಿನ್ನ ಹೆಂಡತಿ ಎಂತೆಂತ ಹಾಕ್ಬೇಕು ಅಂತ ಹೇಳ್ಲಿ. ಬಾಯಿಗೆ ಇಡದೆ ಮಾಡ್ತೇನೆ. ತಿಂದು ನೋಡಿ ಹೇಳು, ಮಸಾಲೆ ಯಾರು ಹುರಿಯುದು ಅಂತ.”

“ಆಯ್ತು” ಎಂದ ಅನಿಲ. “ಆದ್ರೆ ಅವತ್ತು ತಿಂದು ನಾನು ಹೇಳಿದ ಹಾಗೆ ಆಗ್ಬೇಕು.”

ಮಾತು ಮನೆಯ ಊಟದಿಂದ ಹೋಟೆಲಿನ ಬಾಣಲೆಗೆ ಹೋಗಿ ನಿಂತಿತು. ಪ್ರೇಮಾ ಬಡಿಸುವ ಸೌಟು ಕೆಳಗಿಟ್ಟಳು. ಗಂಡನಿಂದ ಬಾಣಲೆ ಕಸಿದುಕೊಂಡರೆ ಆ ಮನುಷ್ಯ ಬೆಳಗ್ಗೆ ಎದ್ದು ಮಾಡುವುದಾದರೂ ಏನು? ಆದರೂ ಅವಳಿಗೆ ಧೈರ್ಯವಿತ್ತು. ಸಲಾಡಲ್ಲ, ಸ್ವರ್ಗದ ಅಡಿಗೆಯಾದರೂ ಈ ಮೂಗು ಸೋಲುವುದಿಲ್ಲ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ಹೋಟೆಲಿನ ಗಲಾಟೆ ಇಳಿದ ಮೇಲೆ ಐತಾಳರು ಸ್ನಾನ ಮಾಡಿ, ಪಂಚೆ ಮೇಲೆ ಕಟ್ಟಿ ಮನೆಯ ಅಡಿಗೆಮನೆ ಹೊಕ್ಕರು. ಪಪ್ಪಾಯಿಕಾಯಿಯ ಸಿಪ್ಪೆ ತೆಗೆದು, ಅದನ್ನು ಎಡಗೈಯಲ್ಲಿ ಹಿಡಿದು, ಕತ್ತಿಯಿಂದ ಉದ್ದುದ್ದ ಗೀರಿ ಎಳೆ ಎಳೆಯಾಗಿ ಇಳಿಸಿದ ಚೆಂದ ನೋಡಿ ಚೈತ್ರಾ, “ವಾಹ್ ಮಾವ, ಮೇಡಂಗೂ ಹೀಗೆ ಬರಲ್ಲ” ಎಂದಳು. ಐತಾಳರ ಮುಖ ಅರಳಿತು. ಅಲಸಂಡೆಯನ್ನು ಬೆರಳುದ್ದ ಮುರಿದರು. ಲಿಂಬೆ ಹಿಂಡಿದರು. ಬೆಲ್ಲ ಹೆರೆದರು. ಸೋಯಾ ಸಾಸಿನ ಬಾಟಲಿಯನ್ನು ಔಷಧಿಯ ಹಾಗೆ ದೂರ ಹಿಡಿದು ನಾಲ್ಕು ಹನಿ ಬಿಟ್ಟರು. ಎಲ್ಲದಕ್ಕೂ ಕೈ ಅಳತೆ. ಆ ಕೈ ತಪ್ಪಲಿಲ್ಲ.

ಕೊನೆಗೆ ನೆಲಗಡಲೆ ಬೇಕಾಯಿತು. ಐತಾಳರು ತಾವೇ ಮೇಲಿನ ಅಡ್ಡಹಲಗೆಗೆ ಕೈಚಾಚಿ ಒಂದು ಡಬ್ಬಿ ಇಳಿಸಿದರು. ಅದು ಮಳೆಗಾಲಕ್ಕಿಂತ ಮೊದಲು ತಂದು ಮರೆತ ಡಬ್ಬಿ. ಹೊಸದು ಕೆಳಗಿನ ಮೂಲೆಯಲ್ಲಿತ್ತು. ಪ್ರೇಮಾ ಹಜಾರದಲ್ಲಿ ತಟ್ಟೆ ಇಡುತ್ತಿದ್ದಳು. ಬಾಣಲೆಗೆ ಬೀಜ ಬಿದ್ದ ಸದ್ದು ಕೇಳಿತು. ಆಮೇಲೆ ಬಂತು ನೋಡಿ ಆ ವಾಸನೆ. ಕಮಟು ಅಂದರೆ ಅಂಥಿಂಥ ಕಮಟಲ್ಲ; ಹಳೆಯ ಎಣ್ಣೆಯಲ್ಲಿ ಅದ್ದಿದ ಚಿಂದಿ ಸುಟ್ಟ ಹಾಗೆ ಹಜಾರದವರೆಗೂ ಬಂತು. ಚೈತ್ರಾ ಮೂಗಿಗೆ ದುಪಟ್ಟಾ ಹಿಡಿದಳು.

ಪ್ರೇಮಾ ಒಳಗೆ ಧಾವಿಸಿದಳು. ಈಗ ಬಾಣಲೆ ಎತ್ತಿ ಬಚ್ಚಲಿಗೆ ಎಸೆಯುತ್ತಾರೆ, ಡಬ್ಬಿ ಅಲ್ಲಿ ಯಾಕಿಟ್ಟೆ ಎಂದು ತನಗೆ ಮಂಗಳಾರತಿಯಾಗುತ್ತದೆ ಎಂದುಕೊಂಡೇ ಹೋದಳು. ಒಂದು ಕಾಲದಲ್ಲಿ ನೆಲಗಡಲೆಯ ಮೂಟೆ ಬಿಚ್ಚಿದ ಕೂಡಲೇ ವಾಸನೆ ಹಿಡಿದು ಮೂಟೆಯನ್ನೇ ವ್ಯಾಪಾರಿಗೆ ತಿರುಗಿ ಕಳಿಸಿದವರು. ಐತಾಳರು ಬಾಣಲೆಯ ಮೇಲೆ ಬಾಗಿ, ಆ ಹೊಗೆಯನ್ನು ಎದೆ ತುಂಬ ಎಳೆದುಕೊಂಡು, ಬೀಜದ ಬಣ್ಣವನ್ನೇ ನೋಡುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಣ್ಣ ಹೊಂದಿದಾಗ ಇಳಿಸಿ, ಕಲ್ಲಿಗೆ ಸುರಿದು ಕುಟ್ಟತೊಡಗಿದರು.

ಆಗ ಪ್ರೇಮಾಳಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಸೀದ ಹಾಲಿನ ಕಾಫಿ, ಕಹಿ ಸಾಂಬಾರು, ತಲೆಬಗ್ಗಿಸಿ ಉಂಡ ಊಟಗಳು. ‘ಅದು ಹಾಳಾಗಿದೆ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ಅನಿಲ ತೋಳು ಕಟ್ಟಿ ನಿಂತಿದ್ದ.

ಅವಳು ಬಾಯಿ ಬಿಡಲಿಲ್ಲ.

ನಾಲ್ಕು ತಟ್ಟೆಗೆ ಸಲಾಡು ಬಿತ್ತು. ಹಸಿರು ಬಿಳಿ ಎಳೆಗಳ ನಡುವೆ ಟೊಮೆಟೊ ಕೆಂಪು. ನೋಡಲು ಮದುವೆಮನೆಯ ಹಾಗಿತ್ತು. ಅನಿಲ ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ ಉಗುಳಿ ಬಂದ. ಚೈತ್ರಾ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಅತ್ತೆಯನ್ನು ನೋಡಿದಳು. ಐತಾಳರು ಮಾತ್ರ ನಿಧಾನವಾಗಿ ಅಗಿದು ನುಂಗಿ, ಇನ್ನೊಂದು ತುತ್ತು ತೆಗೆದುಕೊಂಡರು.

“ಹುಳಿ, ಸಿಹಿ, ಖಾರ ಸರಿ ಉಂಟಲ್ಲ? ಎಂತ ಆಯ್ತು ನಿಂಗೆ?”

“ಅಪ್ಪಯ್ಯ, ಇದು...” ಅನಿಲ ತಾಯಿಯ ಕಡೆ ತಿರುಗಿದ. “ಅಮ್ಮ, ನೀನು ಹೇಳು.”

ಪ್ರೇಮಾ ತುಂಬಿದ ಚಮಚ ಬಾಯಿಗಿಟ್ಟಳು. ನುಂಗಿದಳು. ಇನ್ನೊಂದು ಚಮಚ ತೆಗೆದಳು. “ಲಾಯ್ಕ ಆಗಿದೆ” ಎಂದಳು. “ಥಾಯ್ ದೇಶದ್ದು ಹೀಗೇ ಒಂದು ನಮೂನೆ ಇರ್ಬೇಕು. ಅಲ್ವಾ ಚೈತ್ರಾ?”

ಚೈತ್ರಾಳ ಕಣ್ಣು ಅತ್ತೆಯ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಅವಳೂ ನುಂಗಿದಳು. “ಹಾಂ. ಹೀಗೇ ಇರತ್ತೆ. ಒರಿಜಿನಲ್ ಟೇಸ್ಟ್.”

ಅನಿಲ ಇಬ್ಬರನ್ನೂ ನೋಡಿ, “ನಿಮ್ಮ ಒರಿಜಿನಲ್ಲು ನಿಮಗೇ ಇರ್ಲಿ” ಎಂದು ಚಪ್ಪಲಿ ಮೆಟ್ಟಿ ಇಳಿದುಹೋದ. ಐತಾಳರು ತಟ್ಟೆ ಖಾಲಿ ಮಾಡಿದರು. ಪ್ರೇಮಾಳೂ ಮಾಡಿದಳು. ಸಂಜೆಯವರೆಗೆ ಅವಳ ಬಾಯಿಂದ ಆ ಕಮಟು ಹೋಗಲಿಲ್ಲ, ಎಷ್ಟು ಲವಂಗ ಅಗಿದರೂ.

ಮಾರನೆಯ ದಿನದಿಂದ ಪ್ರೇಮಾ ನಸುಕಿಗೇ ಕೆಳಗಿಳಿಯತೊಡಗಿದಳು. ಹೋಟೆಲಿನ ಅಡಿಗೆಮನೆಗೆ ಅವಳು ಕಾಲಿಡದೆ ವರ್ಷಗಳೇ ಆಗಿದ್ದವು. ಒಂದು ಮಣೆ ಹಾಕಿಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕರಿಬೇವಿನ ಎಲೆ ಬಿಡಿಸುತ್ತ ಕೂತಳು.

“ನೀನೆಂತಕ್ಕೆ ಬಂದದ್ದು?” ಎಂದರು ಐತಾಳರು.

“ಮೇಲೆ ಒಬ್ಬಳಿಗೆ ಹೊತ್ತು ಹೋಗುದಿಲ್ಲ.”

ಐತಾಳರು ಬಾಣಲೆಗೆ ಕೊತ್ತಂಬರಿ, ಮೆಂತ್ಯ, ಮೆಣಸು ಸುರಿದು ಹುರಿಯತೊಡಗಿದರು. ಪರಿಮಳ ಏರಿತು, ತಿರುಗಿತು, ಇಳಿಸಬೇಕಾದ ಹದಕ್ಕೆ ಬಂತು. ಐತಾಳರ ಸಟ್ಟುಗ ಆಡುತ್ತಲೇ ಇತ್ತು. ಪ್ರೇಮಾ ತೊಡೆಯ ಮೇಲಿದ್ದ ತಟ್ಟೆಯನ್ನು ಎತ್ತಿ ಕಲ್ಲಿನ ಮೇಲೆ ಠಣ್ಣೆಂದು ಇಟ್ಟಳು. ಅವರು ತಲೆಯೆತ್ತಿ ನೋಡಿದರು. ಅವಳು ಅವರನ್ನು ನೋಡಲಿಲ್ಲ, ಎಲೆ ಹೆಕ್ಕುತ್ತಿದ್ದಳು. ಐತಾಳರು ಬಾಣಲೆ ಇಳಿಸಿದರು.

ಆ ದಿನ ಬಿಪಿನ್ ಭಾಯಿ ಎರಡು ಸಲ ಸಾಂಬಾರು ಹಾಕಿಸಿಕೊಂಡರು.

ಹೀಗೆ ಶುರುವಾಯಿತು. ಕೊತ್ತಂಬರಿ ಹದಕ್ಕೆ ಬಂದರೆ ತಟ್ಟೆ ಒಂದು ಸಲ, ತೆಂಗಿನಕಾಯಿ ಹಾಳಾಗಿದ್ದರೆ ಎರಡು ಸಲ. ಬಾಯಿ ಬಿಟ್ಟು ಒಂದು ಮಾತಿಲ್ಲ. ಹರಿಪ್ರಸಾದ ಏನಾದರೂ ಕಂಡಿದ್ದರೂ ಐತಾಳರ ಬಾಣಲೆಯ ವಿಷಯ ಮಾತಾಡುವಷ್ಟು ಗಟ್ಟಿಗನಲ್ಲ. ಚೈತ್ರಾಳ ಸಲಾಡಿಗೂ ಯೋಗ ಕೂಡಿಬಂತು. ಹೊಸ ನೆಲಗಡಲೆ ಹಾಕಿ ಅವಳು ಮೇಲೆ ಮಾಡಿ ಕಳಿಸುವಳು, ಗಿರಾಕಿಗಳು ಅದರ ಮೇಲೆ ಸೇವು ಉದುರಿಸಿಕೊಂಡು “ಬಹು ಸರಸ್” ಎಂದು ಹೊಗಳುತ್ತ ತಿನ್ನುವರು. ಅನಿಲ ಬಾಣಲೆಯ ಮಾತು ಎತ್ತಲಿಲ್ಲ.

ದೀಪಾವಳಿ ಮುಗಿದ ಒಂದು ಬೆಳಗ್ಗೆ, ಹಿತ್ತಿಲಲ್ಲಿ ಕೈ ತೊಳೆಯುತ್ತ ಐತಾಳರೇ ಬಾಯಿ ಬಿಟ್ಟರು.

“ಉಪ್ಪು ಗೊತ್ತಾಗ್ತದೆ. ಹುಳಿ ಗೊತ್ತಾಗ್ತದೆ. ಖಾರ ಉರಿತದೆ. ಮತ್ತೆ ಎಂತದ್ದೂ ಇಲ್ಲ. ಒಗ್ಗರಣೆ ಚಟಪಟ ಹೇಳುದು ಕೇಳ್ತದೆ, ಅಷ್ಟೆ. ಅನ್ನ ತಿಂದ್ರೂ ಒಂದೇ, ಕಾಗದ ತಿಂದ್ರೂ ಒಂದೇ.”

“ಡಾಕ್ಟ್ರ ಹತ್ರ ತೋರಿಸುವ.”

“ತೋರಿಸಿದೆ. ತಲೆಗೆ ಬಿದ್ದ ಪೆಟ್ಟಿಗೆ ನರ ಕಡಿದಿರ್ಬೇಕಂತೆ. ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ ಅಂದ್ರು.”

“ನನ್ನತ್ರ ಒಂದು ಮಾತು ಹೇಳ್ಬಾರದಿತ್ತಾ?”

“ಹೇಳಿ? ಅಡಿಗೆಯವನಿಗೆ ಮೂಗಿಲ್ಲ ಅಂತ ಪೇಪರಿಗೆ ಕೊಡುದಾ?” ಐತಾಳರು ಟವೆಲಿನಲ್ಲಿ ಕೈ ಒರೆಸಿದರು, ಒರೆಸುತ್ತಲೇ ಇದ್ದರು. “ಕಣ್ಣು ಮುಚ್ಚಿ ಮಲಗಿದ್ರೂ ನೀನು ಒಳಗೆ ಬಂದದ್ದು ಗೊತ್ತಾಗ್ತಿತ್ತು, ನಿನ್ನ ತಲೆಯ ಎಣ್ಣೆ ಪರಿಮಳಕ್ಕೆ. ಈಗ ಬಳೆ ಶಬ್ದ ಆಗ್ಬೇಕು.” ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದರು, “ಅನಿಲನಿಗೆ ಗೊತ್ತಾಗುದು ಬೇಡ ಪ್ರೇಮಾ.”

ಮೂವತ್ತು ವರ್ಷದಲ್ಲಿ ಅವರು ಹೆಸರು ಹಿಡಿದು ಕರೆದದ್ದು ಬೆರಳೆಣಿಕೆ. ಪ್ರೇಮಾಳಿಗೆ ಆ ತುಪ್ಪದ ದೀಪ ನೆನಪಾಗಿ ನಾಚಿಕೆಯಾಯಿತು. ಗಂಡನಿಗೆ ಬಂದ ಕೇಡಿಗೆ ತಾನು ದೇವರಿಗೆ ಕೈಮುಗಿದಿದ್ದೆನಲ್ಲ! “ಯಾರಿಗೂ ಗೊತ್ತಾಗುದಿಲ್ಲ” ಎಂದಳು.

ಡಿಸೆಂಬರಿನಲ್ಲಿ ಕನ್ನಡ ಸಂಘದ ಊಟ ಬಂತು. ರಾಜ್ಯೋತ್ಸವ ನವೆಂಬರಿನಲ್ಲೇ ಆಗಬೇಕಿತ್ತು, ಸಭಾಂಗಣ ಸಿಗದೆ ಮುಂದೆ ಹೋಗಿತ್ತು. ಬ್ಯಾಂಕಿನವರು, ರೈಲ್ವೆಯವರು, ಎಲ್‌ಐಸಿಯವರು, ಊರ ಸಾಂಬಾರಿಗೆ ವರ್ಷವಿಡೀ ಕಾಯುವ ಜನ. ಪ್ರತಿ ವರ್ಷ ಅಡಿಗೆ ಐತಾಳರದ್ದೇ. ಈ ಸಲ ಸಂಘದ ಅಧ್ಯಕ್ಷರ ಹೆಂಡತಿ ರಮಾಮಣಿ, “ನಿಮ್ಮ ಸೊಸೆಯ ಆ ಪಪ್ಪಾಯಿ ಸಲಾಡೂ ಇರಲಿ” ಎಂದು ಹೇಳಿಕಳಿಸಿದ್ದರು.

ಹಿಂದಿನ ಎರಡು ದಿನ ಚಳಿಗಾಳಿ ಬೀಸಿತು. ಊಟದ ದಿನ, ಭಾನುವಾರ, ಪ್ರೇಮಾ ಎದ್ದಾಗ ತಲೆ ಭಾರ, ಕಣ್ಣಲ್ಲಿ ನೀರು, ಮೂಗು ಕಟ್ಟಿ ಕಲ್ಲಾಗಿತ್ತು. ಅಮೃತಾಂಜನದ ಶೀಶೆ ಮೂಗಿಗೆ ಹಿಡಿದಳು. ಅದೂ ಸುಳಿವು ಕೊಡಲಿಲ್ಲ. ಚೈತ್ರಾಳನ್ನು ಕರೆದು ಹೇಳಲೇ ಎಂದು ಬಾಗಿಲವರೆಗೆ ಹೋದಳು. ಹೇಳುವುದಾದರೆ ಎಲ್ಲವನ್ನೂ ಹೇಳಬೇಕು. ಹೇಳುವುದಿಲ್ಲವೆಂದು ಕೊಟ್ಟ ಮಾತಿತ್ತು. ಗಂಡನಿಗೆ ಹೇಳಿದರೆ ಅವರ ಕೈ ನಡುಗೀತು. ಇಷ್ಟು ದಿನ ನೋಡಿದ್ದೇನೆ, ಬಣ್ಣ ನೋಡಿ ಹೇಳಿದರಾಯಿತು ಎಂದು ಸೆರಗು ಸುತ್ತಿಕೊಂಡು ಹೊರಟಳು. ಅವಳ ತಪ್ಪೆಂದರೆ ಇದೇ.

ಸಭಾಂಗಣದ ಹಿಂದಿನ ಅಡಿಗೆಯ ಜಾಗದಲ್ಲಿ ಮಂದ ಬಲ್ಬು. ಬಾಣಲೆ ದೊಡ್ಡದು, ಮಸಾಲೆ ದಿನದ ನಾಲ್ಕು ಪಾಲು. ಹರಿಪ್ರಸಾದ ಹೊರಗೆ ಹೋಳಿಗೆ ತಟ್ಟುವವರ ಜೊತೆಗಿದ್ದ, ಚೈತ್ರಾ ವೇದಿಕೆಯ ಬದಿಯಲ್ಲಿ ಪಪ್ಪಾಯಿ ಗೀರುತ್ತಿದ್ದಳು. ಐತಾಳರ ಕಿವಿ ತಟ್ಟೆಯ ಕಡೆಗೇ ಇತ್ತು. ಮೇಲಿನ ಕೊತ್ತಂಬರಿ ಇನ್ನೂ ಬಿಳಿಚಿಕೊಂಡೇ ಕಂಡಿತು. ಪ್ರೇಮಾ ಇನ್ನೂ ಸ್ವಲ್ಪ ಎಂದು ಕಾದಳು. ಅಡಿಯಲ್ಲಿ ಮೆಂತ್ಯ ಕಪ್ಪಾಗಿದ್ದು ಅವಳಿಗೆ ಕಾಣಲಿಲ್ಲ. ತಟ್ಟೆ ಠಣ್ಣೆಂದಿತು. ಐತಾಳರು ಇಳಿಸಿದರು, ರುಬ್ಬಿಸಿದರು, ಕುದಿಸಿದರು. ದೇವರಿಗೆ ನೈವೇದ್ಯವಾಯಿತು. ಪದ್ಧತಿಯ ಪ್ರಕಾರ ಯಾರೂ ರುಚಿ ನೋಡಲಿಲ್ಲ.

ಮೊದಲ ಪಂಕ್ತಿಯಲ್ಲಿ ಅನ್ನಕ್ಕೆ ಸಾಂಬಾರು ಬಿದ್ದ ಮೇಲೆ ಮಾತು ನಿಂತಿತು. ಕಹಿ, ಹಾಗಲಕಾಯಿಯನ್ನು ನಾಚಿಸುವ ಕಹಿ. ಮಕ್ಕಳು ಮುಖ ಹಿಂಡಿದರು. ದೊಡ್ಡವರು ಅನ್ನವನ್ನು ಎಲೆಯ ಅಂಚಿಗೆ ಸರಿಸಿ ಮೊಸರು ಕೇಳಿದರು. ರಮಾಮಣಿಯವರು ಒಳಗೆ ಬಂದು, ಹೆಂಗಸರು ಮೆಲ್ಲಗೆ ಹೇಳಬೇಕಾದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದರು: “ಐತಾಳರೇ, ಏನು ಗ್ರಹಚಾರ ಇದು? ಸೊಸೆ ಮಾಡಿದ ಸಲಾಡ್ ಇಲ್ಲದಿದ್ರೆ ಇವತ್ತು ಉಪವಾಸ ಏಳ್ಬೇಕಿತ್ತು.”

ಅನಿಲ ಪಾತ್ರೆಯಿಂದ ಸೌಟು ಎತ್ತಿ ಮೂಸಿದ. “ಸುಟ್ಟ ವಾಸನೆ ಮೈಲು ದೂರ ಹೊಡೀತಾ ಇದೆ! ಅಪ್ಪಯ್ಯ, ನಿಮಗೆ ಗೊತ್ತಾಗ್ಲಿಲ್ವಾ?”

ಐತಾಳರ ಕಣ್ಣು ಪ್ರೇಮಾಳ ಕಡೆ ಹೊರಳಿತು. ಅವಳ ಕೆಂಪು ಮೂಗು, ಒದ್ದೆ ಸೆರಗು ಆಗ ಅವರಿಗೆ ಕಂಡಿತು.

“ಮಸಾಲೆ ಹುರಿದದ್ದು ನಾನು” ಎಂದಳು ಪ್ರೇಮಾ. “ಇವರಿಗೆ ಸುಸ್ತು ಅಂತ ನಾನೇ ಹುರಿದೆ. ಶೀತ ಆಗಿತ್ತು, ಗೊತ್ತಾಗ್ಲಿಲ್ಲ.”

ಎಲ್ಲರ ನೋಟವೂ ಅವಳ ಮೇಲೆ ತಿರುಗಿತು. ಐತಾಳರ ಗಂಟಲಿನಿಂದ ಹಳೆಯ ಧ್ವನಿ ಹೊರಟಿತು, ಅರ್ಧ ವರ್ಷದಿಂದ ಕೇಳದಿದ್ದ ಧ್ವನಿ. “ಮೂವತ್ತು ವರ್ಷ ಆಯ್ತು, ಒಂದು ಹಿಡಿ ಕೊತ್ತಂಬರಿ ಹುರೀಲಿಕ್ಕೆ ಬರ್ಲಿಲ್ಲ ನಿಂಗೆ! ಯಾರು ಹೇಳಿದ್ದು ಕೈ ಹಾಕ್ಲಿಕ್ಕೆ? ಮರ್ಯಾದೆ ತೆಗೆದಿಯಲ್ಲ ನಾಲ್ಕು ಜನರೆದುರು!”

ಸುಳ್ಳನ್ನು ಉಳಿಸಿಕೊಳ್ಳಲು ಬೈಯಲೇಬೇಕಿತ್ತು, ಪ್ರೇಮಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನೋಯಿತು. ಅವರು ಇಷ್ಟು ಚೆನ್ನಾಗಿ ಬೈಯಬೇಕಾಗಿರಲಿಲ್ಲ. ಎರಡನೆಯ ಪಂಕ್ತಿಗೆ ಪಪ್ಪಾಯಿ ಗೀರಲು ಒಳಗೆ ಬಂದಿದ್ದ ಚೈತ್ರಾ ಕತ್ತಿ ಕೆಳಗಿಟ್ಟು, “ಮಾವ...” ಎಂದು ಮುಂದೆ ಬಂದಳು. ಪ್ರೇಮಾ ಅವಳ ಮಣಿಕಟ್ಟು ಹಿಡಿದು ಒತ್ತಿದಳು. ಚೈತ್ರಾ ಅಲ್ಲಿಗೇ ನಿಂತಳು.

ಸಂಜೆ ಮನೆಯಲ್ಲಿ ಯಾರಿಗೂ ಹಸಿವಿರಲಿಲ್ಲ. ಅನಿಲ ತಾಯಿಯೆದುರು ನಿಂತು, ದನಿ ಏರಿಸದೆ ಹೇಳಿದ: “ಅಮ್ಮ, ನಾಳೆಯಿಂದ ನೀನು ಕೆಳಗೆ ಬರುದು ಬೇಡ. ಹೊತ್ತು ಹೋಗದಿದ್ರೆ ಟಿವಿ ನೋಡು. ಅಡಿಗೆಮನೆ ಅಪ್ಪಯ್ಯನದ್ದು, ಅವರೇ ಮಾಡ್ಲಿ. ನಾನಿನ್ನು ಅವರಿಗೆ ಒಂದು ಮಾತು ಹೇಳುದಿಲ್ಲ.”

ಪ್ರೇಮಾ ಗಂಡನನ್ನು ನೋಡಿದಳು. ಐತಾಳರು ಮಗನನ್ನು ನೋಡಿದರು. ಅಕ್ಟೋಬರಿನಲ್ಲಿ ಇದೇ ಮಾತು ಕೇಳಲು ಅವರು ಥಾಯ್ ಸಲಾಡು ಮಾಡಿದ್ದರು. ಈಗ ಅಡಿಗೆಮನೆ ಪೂರ್ತಿ ಅವರದ್ದೇ ಆಗಿತ್ತು, ತಟ್ಟೆ ಸದ್ದು ಮಾಡುವವರು ಮಾತ್ರ ಇರುವುದಿಲ್ಲ.

ಸೋಮವಾರ ಅವರು ಒಬ್ಬರೇ ಇಳಿದುಹೋದರು. ಪ್ರೇಮಾ ಮೇಲೆ ಕಿಟಕಿಯ ಹತ್ತಿರ ಕಿವಿ ಕೊಟ್ಟು ಕೂತಳು. ಬಾಣಲೆಯ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಚೈತ್ರಾ ಬಂದು ಹೇಳಿದಳು. ಐತಾಳರು ಒಲೆ ಹಚ್ಚಿ, ಬಾಣಲೆ ಇಟ್ಟು, ಕೊತ್ತಂಬರಿ ಸುರಿಯದೆ ನಿಂತೇ ಇದ್ದರಂತೆ. ಆಮೇಲೆ ಸಟ್ಟುಗವನ್ನು ಹರಿಪ್ರಸಾದನ ಕೈಗೆ ಕೊಟ್ಟು, “ನಂಗೆ ಸೊಂಟ ನೋವು, ನಿಲ್ಲಲಿಕ್ಕೆ ಆಗುದಿಲ್ಲ” ಎಂದು ಹೊರಗೆ ಬಂದು ಗಲ್ಲಾದಲ್ಲಿ ಕೂತರಂತೆ. ಅನಿಲ ಎದ್ದು ಜಾಗ ಬಿಟ್ಟನಂತೆ.

“ಅನಿಲ್‌ಗೆ ಹೇಳ್ಲಾ ಅತ್ತೆ?” ಎಂದಳು ಚೈತ್ರಾ. “ನನಗೆ ಆ ಸಲಾಡಿನ ದಿನಾನೇ ಗೊತ್ತಾಗಿತ್ತು.”

“ಇನ್ನು ಹೇಳಿ ಎಂತ ಮಾಡುದು ಮಗಾ. ಸೊಂಟ ನೋವು ಅಂದ್ರಲ್ಲ. ಸೊಂಟ ನೋವೇ.”

ಐತಾಳರು ಸೊಂಟಕ್ಕೆ ಒಂದು ಪಟ್ಟಿಯನ್ನೂ ತಂದು ಕಟ್ಟಿಕೊಂಡರು. ಗಲ್ಲಾದಲ್ಲಿ ಅವರು ಕೂರುವ ಜಾಗಕ್ಕೆ ಅಡಿಗೆಮನೆಯ ಬಾಗಿಲು ಎದುರೇ. ಹರಿಪ್ರಸಾದ ಒಗ್ಗರಣೆ ಹಾಕಿದಾಗಲೆಲ್ಲ ಚಟಪಟ ಸದ್ದಿಗೆ ಅವರ ತಲೆ ಒಮ್ಮೆ ಆ ಕಡೆ ತಿರುಗುತ್ತದೆ, ಮತ್ತೆ ಗಿರಾಕಿಯ ಕಡೆ ಬರುತ್ತದೆ ಎಂದು ಚೈತ್ರಾ ಹೇಳಿದಳು. ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತು ಅಷ್ಟಕ್ಕಷ್ಟೇ ಆಯಿತು. ಬೈದದ್ದಕ್ಕೆ ಅವರು ಏನೂ ಹೇಳಲಿಲ್ಲ. ಹೇಳುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ.

ಉತ್ತರಾಯಣದ ಗಾಳಿಪಟಗಳು ಊರಿನ ಮರಗಳಲ್ಲೆಲ್ಲ ಸಿಕ್ಕಿಕೊಂಡಿದ್ದ ಒಂದು ಬೆಳಗ್ಗೆ ಪ್ರೇಮಾ ಕಾಫಿ ತಂದಿಟ್ಟಳು. ಅನಿಲ, ಚೈತ್ರಾ ಅಲ್ಲೇ ಕೂತಿದ್ದರು. ಅವಳ ಶೀತ ಹೋಗಿ ಬಹಳ ದಿನವಾಗಿತ್ತು. ಹಾಲು ಹೊಸದು, ಡಿಕಾಕ್ಷನ್ ಆಗಷ್ಟೇ ಇಳಿದದ್ದು, ಕಾಫಿಯ ಪರಿಮಳ ಹಜಾರವನ್ನೆಲ್ಲ ತುಂಬಿತ್ತು. ಐತಾಳರು ಲೋಟವನ್ನು ತುಟಿಯ ಹತ್ತಿರ ಒಯ್ದರು. ಅಲ್ಲೇ ನಿಲ್ಲಿಸಿದರು. ಮೂಗು ಸುಕ್ಕು ಮಾಡಿ ಕೆಳಗಿಟ್ಟರು.

“ಸೀದಿದೆ” ಎಂದರು. “ತಕ್ಕೊಂಡು ಹೋಗು.”

ಅನಿಲ ತನ್ನ ಲೋಟ ಮೂಸಿ ನೋಡಿ, “ಎಲ್ಲಿ ಅಪ್ಪಯ್ಯ...” ಎಂದು ಶುರುಮಾಡಿದ. ಚೈತ್ರಾ ಅವನ ಕಾಲು ತುಳಿದಳು.

ಐತಾಳರು ಹೆಂಡತಿಯನ್ನೇ ನೋಡುತ್ತಿದ್ದರು, ಕೈ ಕಟ್ಟಿದ ಹುಡುಗ ಮೇಷ್ಟರನ್ನು ನೋಡುವ ಹಾಗೆ. ಪ್ರೇಮಾ ಲೋಟ ಎತ್ತಿಕೊಂಡಳು.

“ಹೌದು, ತಳ ಹಿಡಿದಿದೆ” ಎಂದಳು. “ಬೇರೆ ಮಾಡಿ ತರ್ತೇನೆ.”

ಒಳಗೆ ಹೋಗಿ, ಒಳ್ಳೆಯ ಕಾಫಿಯನ್ನು ಬಚ್ಚಲಿಗೆ ಚೆಲ್ಲಿ, ಒಲೆಯ ಮೇಲೆ ಮತ್ತೆ ಹಾಲಿಟ್ಟಳು.